ಚೀಲದಲ್ಲೊಂದು ಚಾಕು: ಬೆಟ್ಟಕ್ಕೆ, ತೋಟಕ್ಕೆ ಹೊರಟವರಿಗೆ ಒಂದು ಮಾರ್ಗದರ್ಶಿ

ನಮ್ಮ ಭಾವನ ಕಾರಿನ ಸೀಟಿನ ಕೆಳಗೆ ಯಾವಾಗಲೂ ಒಂದು ಮಚ್ಚು ಬಿದ್ದಿರುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ ಬಂತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ 26ನೇ ತಾರೀಖು ಮತದಾನ. ದಾರಿಗೊಂದು ಚೆಕ್‌ಪೋಸ್ಟ್. ಮಧುಗಿರಿ ಕಡೆಯ ತೋಟದಿಂದ ವಾಪಸ್ ಬರುವಾಗ ನಮ್ಮ ಕಾರನ್ನೂ ನಿಲ್ಲಿಸಿದರು. ದುಡ್ಡು ಹುಡುಕುತ್ತಿದ್ದ ಪೊಲೀಸರ ಕೈಗೆ ಮಚ್ಚು ಸಿಕ್ಕಿತು.

"ಯಾಕ್ರೀ ಇದು?"

"ಸುಮ್ನೆ ಸಾರ್. ಸೇಫ್ಟಿಗೆ ಇರ್ಲಿ ಅಂತ."

ಆ ಒಂದು ಮಾತಿಗೆ ಎರಡೂವರೆ ಗಂಟೆ ರಸ್ತೆ ಬದಿಯಲ್ಲಿ ಕೂತೆವು. ತಮಾಷೆ ಏನೆಂದರೆ ಡಿಕ್ಕಿ ತುಂಬ ಎಳನೀರಿತ್ತು. ಬೆಳಿಗ್ಗೆ ಅದೇ ಮಚ್ಚಿನಲ್ಲಿ ನಾಲ್ಕು ಕೊಚ್ಚಿ ಕುಡಿದೇ ಹೊರಟಿದ್ದೆವು. "ಎಳನೀರು ಕೊಚ್ಚೋಕೆ ಸಾರ್" ಅಂತ ಡಿಕ್ಕಿ ತೆಗೆದು ತೋರಿಸಿದ್ದರೆ ಐದು ನಿಮಿಷದ ಮಾತು. ಭಾವ ಸುಳ್ಳು ಹೇಳಲಿಲ್ಲ, ನಿಜ. ಆದರೆ ಹೇಳಬಾರದ ಉತ್ತರವನ್ನೇ ಹುಡುಕಿ ಹೇಳಿದ ಹಾಗಾಯಿತು.

ಅಂದಿನಿಂದ ನಾನು ಒಂದು ರೂಢಿ ಮಾಡಿಕೊಂಡೆ. ಚಾಕು ಎಲ್ಲಿದೆಯೋ ಅದರ ಕೆಲಸವೂ ಅದರ ಪಕ್ಕದಲ್ಲೇ ಇರಬೇಕು. ಹಣ್ಣಿನ ಡಬ್ಬಿಯ ಜೊತೆ ಹಣ್ಣಿನ ಚಾಕು. ಹಗ್ಗ, ಗುದ್ದಲಿ, ಗೋಣಿಚೀಲದ ಜೊತೆ ಮಚ್ಚು. ಕೆಳಗೆ ಬರೆದಿರುವುದೆಲ್ಲ ಈ ಒಂದು ರೂಢಿಯ ಸುತ್ತಲೇ ಇದೆ.

ಮೊದಲು ಕಾನೂನು, ಬೇಗ ಮುಗಿಸೋಣ

1959ರ ಆಯುಧ ಕಾಯ್ದೆ ಆಯುಧ ಅಂದರೆ ಏನು ಅಂತ ಹೇಳುವಾಗ ಉದ್ದ ಅಗಲಕ್ಕಿಂತ ಮೊದಲು ಉದ್ದೇಶವನ್ನು ನೋಡುತ್ತದೆ. ದಾಳಿಗೆ ಅಥವಾ ರಕ್ಷಣೆಗೆ ಆಯುಧವಾಗಿ ಮಾಡಿದ್ದು, ಇಲ್ಲವೇ ಹಾಗೆ ಮಾರ್ಪಡಿಸಿದ್ದು ಆಯುಧ. ಗಮನಿಸಿ, "ರಕ್ಷಣೆಗೆ" ಅನ್ನುವುದೂ ಅಲ್ಲೇ ಇದೆ. ಅದಕ್ಕೇ ಭಾವನ "ಸೇಫ್ಟಿಗೆ" ಎಂಬ ಉತ್ತರ ಅಷ್ಟು ಕೆಟ್ಟದ್ದು. ತೋಟದ ಸಾಮಾನನ್ನು ತನ್ನ ಬಾಯಿಂದಲೇ ಆಯುಧ ಮಾಡಿಬಿಟ್ಟ. ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತಲೇ ಮಾಡಿದ ವಸ್ತುಗಳನ್ನು ಅದೇ ಕಾಯ್ದೆ ಆಯುಧದ ಲೆಕ್ಕದಿಂದ ಹೊರಗೆ ಇಡುತ್ತದೆ.

ಅಳತೆಯ ಮಾತು ಬರುವುದು ನಿಯಮಗಳಲ್ಲಿ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಭರ್ಜಿ ಇವುಗಳ ಜೊತೆ ಚಾಕುವೂ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅಂತ ಅಲ್ಲಿ ಹೇಳಿದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಮಾಡಿದ್ದಕ್ಕೆ ಇಲ್ಲೂ ವಿನಾಯಿತಿ ಇದೆ. 9 ಇಂಚು ಅಂದರೆ ಸುಮಾರು 23 ಸೆಂಟಿಮೀಟರ್, 2 ಇಂಚು ಅಂದರೆ 5. ಎಳನೀರು ಕೊಚ್ಚುವ ಮಚ್ಚು ಅಳತೆಯಲ್ಲಿ ಈ ಗೆರೆ ದಾಟುತ್ತದೆ. ಅದನ್ನು ಉಳಿಸುವುದು ಅದು ತೋಟದ್ದು ಅನ್ನುವ ಒಂದೇ ಸಂಗತಿ. ತೋಟದ್ದು ಅಂತ ನೋಡಿದ ಕೂಡಲೇ ಗೊತ್ತಾಗಬೇಕು, ಅಷ್ಟೇ.

"9 ಇಂಚಿಗಿಂತ ಚಿಕ್ಕದಾದರೆ ಯಾರೂ ಏನೂ ಮಾಡೋಕಾಗಲ್ಲ" ಅನ್ನುವ ಮಾತು ನಮ್ಮ ಕಡೆ ಚೆನ್ನಾಗಿ ಓಡಾಡುತ್ತಿದೆ. ನಂಬಬೇಡಿ. ಊರಲ್ಲಿ ಗಲಾಟೆ, ಚುನಾವಣೆ, ದೊಡ್ಡ ಮೆರವಣಿಗೆ ಇದ್ದಾಗ ಜಿಲ್ಲಾಡಳಿತ ನಿಷೇಧಾಜ್ಞೆ ಹಾಕಬಹುದು. ಹಳೆಯ 144ನೇ ಸೆಕ್ಷನ್ ಅಂತ ನಾವು ಕರೆಯುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಸೆಕ್ಷನ್‌ನಲ್ಲೂ ಚಾಕು, ದೊಣ್ಣೆ, ಲಾಠಿ ಹಿಡಿದು ಓಡಾಡುವುದನ್ನು ತಡೆಯುವ ಅಧಿಕಾರ ಇದೆ. ಅಂಥ ಆಜ್ಞೆ ಇರುವ ದಿನ ಇಂಚುಪಟ್ಟಿ ಹಿಡಿದು ವಾದ ಮಾಡಿ ಪ್ರಯೋಜನವಿಲ್ಲ. ಹೊರಡುವ ಹಿಂದಿನ ದಿನ ಸ್ಥಳೀಯ ಪತ್ರಿಕೆ ನೋಡಿ, ಆಜ್ಞೆ ಇದ್ದರೆ ಸಾಮಾನ್ಯವಾಗಿ ಅಲ್ಲಿ ಸುದ್ದಿ ಇರುತ್ತದೆ.

ಎಲ್ಲಿಗೆ ಹೊರಟಿದ್ದೀರಿ?

ಚಾಕು ಆರಿಸುವ ಮೊದಲು ಜಾಗ ಯಾವುದು ಅಂತ ನೋಡಿ. ಎಲ್ಲ ಬೆಟ್ಟವೂ ಒಂದೇ ಅಲ್ಲ.

ವನ್ಯಜೀವಿ ಅಭಯಾರಣ್ಯವಾದರೆ ಚಾಕುವನ್ನು ಮನೆಯಲ್ಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅನ್ನುವ ಪದದ ಅರ್ಥ ತುಂಬ ವಿಶಾಲ. ಬಂದೂಕು, ಬಿಲ್ಲುಬಾಣದ ಜೊತೆಗೆ ಗಾಳ, ಬಲೆ, ಚಾಕು ಎಲ್ಲ ಹೆಸರು ಹಿಡಿದೇ ಇವೆ. ಇಂಚಿನ ಲೆಕ್ಕವೇ ಇಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಆಯುಧದ ಜೊತೆ ಅಭಯಾರಣ್ಯದ ಒಳಗೆ ಕಾಲಿಡುವಂತಿಲ್ಲ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರ ಅಭಯಾರಣ್ಯ 2019ರಲ್ಲಿ ಆದದ್ದು. ಅದಕ್ಕೂ ಮೊದಲು ಅಲ್ಲಿ ಓಡಾಡಿದವರಿಗೆ ಈ ಬದಲಾವಣೆ ತಲೆಗೆ ಹೋಗಿರುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಜಾಗ ಅಭಯಾರಣ್ಯವಲ್ಲ, ಸಂರಕ್ಷಣಾ ಮೀಸಲು. ನಿಯಮ ಸ್ವಲ್ಪ ಬೇರೆ. ಆದರೂ ಜಿಂಕೆ ನೋಡೋಕೆ ದುರ್ಬೀನು ಬೇಕೇ ಹೊರತು ಚಾಕು ಯಾಕೆ?

ದೇವರಾಯನದುರ್ಗದಂಥ ಅರಣ್ಯದಲ್ಲಿ ಇನ್ನೊಂದು ತಕರಾರು. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯದಲ್ಲಿ ಮರ ಕಡಿಯುವುದು, ಬೆಂಕಿ ಹಚ್ಚುವುದು ಅಪರಾಧ. ಅಪರಾಧಕ್ಕೆ ಬಳಸಿದ ಹತಾರವನ್ನೂ, ವಾಹನವನ್ನೂ ವಶಕ್ಕೆ ತೆಗೆದುಕೊಳ್ಳಬಹುದು. ಊರುಗೋಲು ಬೇಕು ಅಂತ ಒಂದು ಹಸಿ ಕೊಂಬೆ ಕಡಿದರೂ ಕಡಿದ ಹಾಗೆಯೇ. ಸಿದ್ಧರಬೆಟ್ಟದಲ್ಲಿ "ಔಷಧಿ ಗಿಡ" ಅಂತ ಬೇರು ಕೀಳೋಕೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ. ಇನ್ನು ಗರಗಸ, ಕೊಡಲಿ ಹಿಡಿದು ಕಾಡಿನಲ್ಲಿ ಸಿಕ್ಕರೆ ಮೊದಲು ಬರುವ ಅನುಮಾನ ಶ್ರೀಗಂಧದ್ದು. ನಮ್ಮ ಕಡೆ ಅದು ಸುಮ್ಮನೆ ಬಂದ ಅನುಮಾನವಲ್ಲ.

ಸ್ಕಂದಗಿರಿಗೆ ಆನ್‌ಲೈನ್‌ನಲ್ಲಿ ಬುಕ್ ಮಾಡಿಯೇ ಹೋಗಬೇಕು. ಕೆಳಗೆ ಗೇಟಿನಲ್ಲಿ ಚೀಲ ನೋಡುವಾಗ ಸಿಬ್ಬಂದಿ ಚಾಕು ಬೇಡ ಅಂದರೆ ಅಲ್ಲೇ ಕೊಟ್ಟು ಹೋಗಿ, ಇಲ್ಲವೇ ಗಾಡಿಯಲ್ಲಿ ಇಟ್ಟು ಬನ್ನಿ. ನಂದಿ ಬೆಟ್ಟ, ಅಂತರಗಂಗೆ, ಆವಣಿಯಂಥ ಜಾತ್ರೆ, ಪೂಜೆ ನಡೆಯುವ ಕಡೆಯೂ ಅದೇ ಮಾತು. ಜನ ಸೇರಿದ ಜಾಗದಲ್ಲಿ ಚಾಕು ಹೊರಗೆ ತೆಗೆಯುವುದೇ ಬೇಡ.

ಮತ್ತೆ ಎರಡು ಬಾಗಿಲು. ತುಮಕೂರಿನಿಂದ ಬಸ್ಸಲ್ಲಿ ಬಂದು ಮಾದಾವರದಲ್ಲಿ ಮೆಟ್ರೊ ಹತ್ತುವವರು ಜಾಸ್ತಿ ಆಗಿದ್ದಾರೆ, 2024ರ ನವೆಂಬರ್‌ನಿಂದ ಮೆಟ್ರೊ ಅಲ್ಲಿಯವರೆಗೂ ಬಂದಿದೆ. ಅಲ್ಲಿ ಚೀಲ ಸ್ಕ್ಯಾನರ್‌ನಲ್ಲಿ ಹೋಗುತ್ತದೆ. ಭಾನುವಾರದ ಬೆಟ್ಟದ ಚೀಲವನ್ನೇ ಸೋಮವಾರ ಆಫೀಸಿಗೆ ತಂದವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇನ್ನೊಂದು ದೇವನಹಳ್ಳಿಯ ವಿಮಾನ ನಿಲ್ದಾಣ. ಕೈಚೀಲದಲ್ಲಿ ಚಾಕು ನಡೆಯುವುದಿಲ್ಲ. ಒಯ್ಯಲೇಬೇಕಾದರೆ ಚೆಕ್-ಇನ್ ಲಗೇಜಿನಲ್ಲಿ, ಒರೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಇಡಿ.

ಯಾವುದು ಒಯ್ಯಬೇಕು

ನಿಜ ಹೇಳಬೇಕೆಂದರೆ ಒಂದು ದಿನದ ಬೆಟ್ಟಕ್ಕೆ ದೊಡ್ಡದೇನೂ ಬೇಡ. ಹೊರಗಡೆ ಚಾಕುವಿಗೆ ಬರುವ ಕೆಲಸ ಲೆಕ್ಕ ಹಾಕಿ: ಸೌತೆಕಾಯಿ, ಮಾವಿನಹಣ್ಣು, ಹಗ್ಗದ ತುದಿ, ಬ್ಯಾಂಡೇಜು, ಪೊಟ್ಟಣ. ಇದಕ್ಕೆ 3 ಇಂಚಿನ ಅಲಗು ಧಾರಾಳ ಸಾಕು. ಅಡುಗೆಮನೆಯ ಹಣ್ಣು ಹೆಚ್ಚುವ ಚಿಕ್ಕ ಚಾಕು, ಬಣ್ಣದ ಪ್ಲಾಸ್ಟಿಕ್ ಹಿಡಿ, ಮೇಲೊಂದು ಒರೆ. ಅದನ್ನು ನೋಡಿ ಯಾರಿಗೂ ಗಾಬರಿ ಆಗುವುದಿಲ್ಲ. ಗಾಬರಿ ಹುಟ್ಟಿಸದ ಚಾಕುವೇ ನನ್ನ ಲೆಕ್ಕದಲ್ಲಿ ಒಳ್ಳೆಯ ಚಾಕು. ಅಳತೆಗೆ ಮಕ್ಕಳ ಜ್ಯಾಮಿಟ್ರಿ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲು ಇಟ್ಟು ನೋಡಿ. ಹಿಡಿ ಮುಗಿದಲ್ಲಿಂದ ತುದಿಯವರೆಗೆ ಅದರ ಮುಕ್ಕಾಲು ಭಾಗಕ್ಕಿಂತ ಉದ್ದ ಇದ್ದರೆ ಬೇರೆಯದು ಹುಡುಕಿ.

ಮಡಚುವ ಚಾಕು ಇಷ್ಟವಾದರೆ ಕೈಯಲ್ಲಿ ಎಳೆದು ಬಿಚ್ಚುವಂಥದ್ದು, ಜೊತೆಗೆ ಪುಟ್ಟ ಕತ್ತರಿ, ಸ್ಕ್ರೂಡ್ರೈವರ್ ಇರುವಂಥದ್ದು ತೆಗೆದುಕೊಳ್ಳಿ. ಬಟನ್ ಒತ್ತಿದರೆ ಚಟ್ ಅಂತ ಬಿಚ್ಚಿಕೊಳ್ಳುವುದು ಬೇಡ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಬಟನ್ ಚಾಕುಗಳನ್ನು ಬೇರೆಯಾಗಿಯೇ ಹಿಡಿದಿದೆ, ಅಲ್ಲಿ 7.62 ಸೆಂಟಿಮೀಟರ್ ಅಲಗಿಗೇ ತೊಂದರೆ ಶುರು. ನಮ್ಮೂರಲ್ಲಿ ಕೊಂಡ ಚಾಕು ಜೇಬಿನಲ್ಲಿ ರೈಲು ಹತ್ತಿ ಅಲ್ಲಿಗೂ ಹೋಗುತ್ತದಲ್ಲ.

ಆನ್‌ಲೈನ್‌ನಲ್ಲಿ "ಸರ್ವೈವಲ್" ಅಂತ ಮಾರುವ ಕಪ್ಪು ಬಣ್ಣದ, ಬೆನ್ನಿಗೆ ಹಲ್ಲಿರುವ ಹತ್ತು ಹನ್ನೆರಡು ಇಂಚಿನ ಚಾಕು ನೋಡೋಕೆ ಚೆಂದ. ವಿಡಿಯೊದಲ್ಲಿ ಅದರಿಂದ ಸೌದೆ ಸೀಳುತ್ತಾರೆ, ಗುಡಿಸಲು ಕಟ್ಟುತ್ತಾರೆ. ನಮ್ಮ ಬೆಟ್ಟಗಳಲ್ಲಿ ಬೆಂಕಿ ಹಚ್ಚುವಂತಿಲ್ಲ, ಕೊಂಬೆ ಕಡಿಯುವಂತಿಲ್ಲ. ಬೇಸಿಗೆಯಲ್ಲಿ ಬಾದೆ ಹುಲ್ಲು ಒಣಗಿ ನಿಂತಿರುವಾಗ ಒಂದು ಕಿಡಿ ಸಾಕು. ಹಾಗಾದರೆ ಆ ಚಾಕುವಿಗೆ ಕೆಲಸ ಎಲ್ಲಿದೆ? ಕೆಲಸವಿಲ್ಲದ ಚಾಕು ಚೆಕ್‌ಪೋಸ್ಟಿನಲ್ಲಿ ಮಾತ್ರ ಎದ್ದು ಕಾಣುತ್ತದೆ. ಎರಡೂ ಕಡೆ ಹರಿತ ಇರುವುದಂತೂ ಕಠಾರಿ, ಅದು ಹೆಸರಿನಿಂದಲೇ ಪಟ್ಟಿಯಲ್ಲಿದೆ.

ತೋಟಕ್ಕೆ ಹೋಗುವವರ ಲೆಕ್ಕವೇ ಬೇರೆ. ತುಮಕೂರು, ತಿಪಟೂರು ಕಡೆ ತೆಂಗಿಗೆ ಮಚ್ಚು, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿಗೆ ಕುಡುಗೋಲು, ಚಿಕ್ಕಬಳ್ಳಾಪುರದ ದ್ರಾಕ್ಷಿ ಗೊಂಚಲಿಗೆ ಕತ್ತರಿ. ಅವರಿಗೆ ಯಾವುದು ಕೊಳ್ಳಬೇಕು ಅಂತ ನಾನು ಹೇಳಿಕೊಡಬೇಕಿಲ್ಲ. ಒಯ್ಯುವ ರೀತಿ ಮಾತ್ರ ಮಾತಾಡೋಣ.

ಒರೆ: ಇದೊಂದನ್ನು ಕೈಯಾರೆ ಮಾಡಿ

ಕುಲುಮೆಯಲ್ಲಿ ಮಾಡಿಸಿದ ಮಚ್ಚಿಗೆ ಒರೆ ಬರುವುದಿಲ್ಲ. ನಮ್ಮ ತಾತ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಮೇಲೆ ಗೋಣಿ ಸುತ್ತಿ, ಸೆಣಬಿನ ಹುರಿಯಲ್ಲಿ ಬಿಗಿದು, ಬಸ್ಸಿನಲ್ಲಿ ಸಾಣೆ ಹಿಡಿಸಲು ಒಯ್ಯುತ್ತಿದ್ದರು. ಕೆಟ್ಟ ಪದ್ಧತಿ ಅಲ್ಲ. ಆದರೆ ಬಟ್ಟೆ ಒಂದೆರಡು ಸಲಕ್ಕೆ ಹರಿದು ತುದಿ ಇಣುಕುತ್ತದೆ. ಅದಕ್ಕಿಂತ ಚೆನ್ನಾಗಿರುವುದು ತೋಟದಲ್ಲೇ ಬಿದ್ದಿರುವ ಪಿವಿಸಿ ಪೈಪಿನ ತುಂಡು.

2 ಇಂಚಿನ ತೆಳು ಪೈಪು ತೆಗೆದುಕೊಳ್ಳಿ. ಚಪ್ಪಟೆ ಮಾಡಿದರೆ ಅದು ಸುಮಾರು 3 ಇಂಚು ಅಗಲವಾಗುತ್ತದೆ. ಎರಡೂವರೆ ಇಂಚಿನ ಮಚ್ಚಿಗೆ ಸರಿಯಾಗಿ ಕೂರುತ್ತದೆ. ಅಲಗಿಗಿಂತ ಎರಡು ಬೆರಳು ಉದ್ದಕ್ಕೆ ಕೊಯ್ದುಕೊಳ್ಳಿ. ಹಂಡೆಯಲ್ಲಿ ನೀರು ಕುದಿಸಿ, ಪೈಪನ್ನು ಅದರಲ್ಲಿ ಎರಡು ಮೂರು ನಿಮಿಷ ಮುಳುಗಿಸಿ. ಕೆಲವರು ನೇರ ಬೆಂಕಿಗೆ ಹಿಡಿಯುತ್ತಾರೆ. ಬೇಡ, ಕಪ್ಪಾಗುತ್ತದೆ, ಆ ಹೊಗೆಯೂ ಕೆಟ್ಟದ್ದು. ಇಕ್ಕಳದಲ್ಲಿ ಹಿಡಿದರೆ ಪೈಪು ಬಗ್ಗುವ ಹದಕ್ಕೆ ಬಂದಿದೆಯಾ ಅಂತ ತಿಳಿಯುತ್ತದೆ. ಹೊರಗೆ ತೆಗೆದು, ಒಳಗೆ ಒಂದು ದಪ್ಪ ರಟ್ಟಿನ ತುಂಡು ಇಟ್ಟು, ಎರಡು ಹಲಗೆಗಳ ನಡುವೆ ಹಾಕಿ, ಮೇಲೆ ನಿಂತುಕೊಳ್ಳಿ. ತಣ್ಣಗಾಗುವವರೆಗೂ ಇಳಿಯಬೇಡಿ. ನನ್ನ ಮೊದಲ ಒರೆ ಹಾಳಾಗಿದ್ದು ಇಲ್ಲೇ, ಫೋನ್ ಬಂತು ಅಂತ ಇಳಿದೆ, ಅದು ಮತ್ತೆ ಅರ್ಧ ಉಬ್ಬಿಕೊಂಡಿತು.

ತಣಿದ ಮೇಲೆ ರಟ್ಟು ಎಳೆದು ಮಚ್ಚು ಇಳಿಸಿ ನೋಡಿ. ಕೆಳತುದಿಯನ್ನು ಮತ್ತೊಮ್ಮೆ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮಡಚಿ, ಎರಡು ರಿವೆಟ್ ಅಥವಾ ನಟ್ಟು ಬೋಲ್ಟು ಹಾಕಿ. ಒಂದು ಸಣ್ಣ ತೂತು ಬಿಡಿ, ನೀರು ಹೋದರೆ ಇಳಿದು ಹೋಗಲಿ. ಮೇಲ್ಗಡೆ ಹಳೇ ಸೈಕಲ್ ಟ್ಯೂಬಿನಿಂದ ಕೊಯ್ದ ಒಂದು ಬಳೆ ಹಾಕಿ ಹಿಡಿಗೆ ಸಿಕ್ಕಿಸಿದರೆ, ತಲೆಕೆಳಗೆ ಹಿಡಿದರೂ ಮಚ್ಚು ಜಾರುವುದಿಲ್ಲ.

ಕುಡುಗೋಲು ಬಾಗಿರುವುದರಿಂದ ಅದಕ್ಕೆ ಪೈಪು ಆಗುವುದಿಲ್ಲ. ಗಿಡಕ್ಕೆ ನೀರು ಹಾಕುವ ರಬ್ಬರ್ ಪೈಪಿನ ಒಂದು ತುಂಡನ್ನು ಉದ್ದಕ್ಕೆ ಸೀಳಿ, ಬಾಯಿಯ ಮೇಲೆ ಕೂರಿಸಿ, ಮೂರು ಕಡೆ ಟ್ಯೂಬಿನ ಬಳೆ ಹಾಕಿ. ಗರಗಸಕ್ಕೂ ಇದೇ. ಹಣ್ಣಿನ ಚಾಕುವಿಗೆ ಒರೆ ಕಳೆದುಹೋಗಿದ್ದರೆ ಗಟ್ಟಿ ರಟ್ಟು, ಅಗಲದ ಟೇಪು ಸಾಕು.

ಎಲ್ಲಿ ಇಡಬೇಕು

ಚೀಲದ ಒಳಗೆ, ಮಧ್ಯದಲ್ಲಿ, ಊಟದ ಡಬ್ಬಿಯ ಜೊತೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ಪ್ಯಾಂಟಿನ ಜೇಬು, ಚೀಲದ ಹೊರ ಜೇಬು ಮೂರೂ ಬೇಡ. ಸೊಂಟದ ಚಾಕು ನೋಡಿದವರ ಕಣ್ಣಿಗೆ ಹಣ್ಣಿನದಾಗಿ ಕಾಣುವುದಿಲ್ಲ. ಬಂಡೆ ಮೇಲೆ ಜಾರಿ ಬಿದ್ದರೆ ಮೊದಲು ಚುಚ್ಚುವುದೂ ಅದೇ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲ್ಭಾಗ ಹತ್ತಿದವರಿಗೆ ಗೊತ್ತು, ಅಲ್ಲಿ ಕೂತುಕೊಂಡೇ ಜಾರುವ ಜಾಗಗಳಿವೆ.

ಹೊರ ಜೇಬು ಯಾಕೆ ಬೇಡ ಅಂದರೆ ಕೋತಿ. ಅಂತರಗಂಗೆಯ ಮೆಟ್ಟಿಲ ಮೇಲೆ ಬಾಳೆಹಣ್ಣಿನ ವಾಸನೆಗೆ ಬಂದ ಒಂದು ಕೋತಿ ನನ್ನ ಚೀಲದ ಹೊರ ಜಿಪ್ ತೆಗೆದು ಹಣ್ಣಿನ ಬದಲು ಚಾಕು ಎಳೆದುಕೊಂಡಿತು. ಒರೆ ಇತ್ತು, ಪುಣ್ಯ. ಎರಡು ಸಲ ಕಚ್ಚಿ ನೋಡಿ ಬಂಡೆ ಸಂದಿಗೆ ಎಸೆಯಿತು. ಆ ಚಾಕು ಇವತ್ತಿಗೂ ಅಲ್ಲೇ ಇದೆ.

ಕಾರಿನಲ್ಲಾದರೆ ಡಿಕ್ಕಿ. ಸೀಟಿನ ಕೆಳಗೆ, ಬಾಗಿಲ ಪಕ್ಕ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟರೆ ಕೈಗೆ ಬೇಗ ಸಿಗಲಿ ಅಂತ ಇಟ್ಟಿದ್ದೀರಿ ಅಂತಲೇ ಅರ್ಥ. ಬೇಗ ಯಾಕೆ ಬೇಕಿತ್ತು ಅನ್ನುವುದು ಮುಂದಿನ ಪ್ರಶ್ನೆ. ಬೈಕಿನಲ್ಲಾದರೆ ಒರೆ ಹಾಕಿದ ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದೆ ಕಟ್ಟಿ, ಗುದ್ದಲಿ ಹಗ್ಗದ ಜೊತೆಗೇ. ಬಸ್ಸಿನಲ್ಲಿ ಕಾಲ ಕೆಳಗೆ, ಮಡಿಲಲ್ಲಲ್ಲ.

ಹುಡುಗರಿಗೆ ಒಂದು ಮಾತು. ತೋಟದಲ್ಲಿ ಮಚ್ಚು ಹಿಡಿದು ಫೋಟೊ ತೆಗೆದು ಹಾಕುವ ಚಟ ಬಿಡಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೇ ಆಯುಧ ಕಾಯ್ದೆಯಡಿ ಕೇಸಾಗಿ ಬಂಧನವೂ ಆಯಿತು. ಎಳನೀರು ಕೊಚ್ಚುವ ರೀಲ್ಸ್ ಮಾಡಿ, ಯಾರು ಬೇಡ ಅಂದರು?

ದಾರಿಯಲ್ಲಿ ನಿಲ್ಲಿಸಿದರೆ

ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೈ ಕಾಣುವ ಹಾಗೆ ಇಟ್ಟುಕೊಳ್ಳಿ. ಚೀಲ ನೋಡಬೇಕು ಅಂದರೆ ಮೊದಲೇ ಹೇಳಿಬಿಡಿ: "ಸಾರ್, ಊಟದ ಡಬ್ಬಿ ಹತ್ರ ಹಣ್ಣು ಹೆಚ್ಚೋ ಚಾಕು ಇದೆ." ನೀವೇ ಕೈ ಹಾಕಿ ತೆಗೆಯಬೇಡಿ. ಅವರೇ ತೆಗೆಯಲಿ, ಅಥವಾ ತೆಗೆಯಿರಿ ಅಂದ ಮೇಲೆ ತೆಗೆಯಿರಿ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಯಾಕೆ ಇದೆ ಅನ್ನುವುದಕ್ಕೆ ಒಂದೊಂದು ಸಾಲಿನ ನಿಜವಾದ ಉತ್ತರ ಸಾಕು. ತೋಟದ ಮಚ್ಚಾದರೆ ತೋಟ ಯಾವ ಊರಲ್ಲಿದೆ ಅಂತ ಹೇಳಿ. ಪಹಣಿ ಫೋಟೊ ಮೊಬೈಲಲ್ಲಿದ್ದರೆ ಒಳ್ಳೆಯದು, ನಾನು ಈಗ ಇಟ್ಟುಕೊಂಡಿದ್ದೇನೆ.

"ಸೇಫ್ಟಿಗೆ", "ಸುಮ್ನೆ", "ಯಾವಾಗ್ಲೂ ಇರುತ್ತೆ" ಈ ಮೂರು ಮಾತು ಬಾಯಿಗೆ ಬರಬಾರದು. ಸೆಕ್ಷನ್ ನಂಬರ್ ಹೇಳಿ ವಾದಕ್ಕಿಳಿಯುವುದೂ ಬೇಡ. ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ಗೆದ್ದ ವಾದ ಯಾವುದೂ ನನಗೆ ಗೊತ್ತಿಲ್ಲ. ವಸ್ತು ವಶಕ್ಕೆ ತೆಗೆದುಕೊಂಡರೆ ಮಹಜರು ಮಾಡಿ ಅಂತ ಮೆತ್ತಗೆ ಕೇಳಿ. ಓದದೆ ಸಹಿ ಹಾಕಬೇಡಿ. ಕೇಸು ಅಂತ ಆದರೆ ಅಲ್ಲಿಂದ ಮುಂದೆ ವಕೀಲರ ಕೆಲಸ.

ಬೆಟ್ಟದ ಮೇಲೆ ಬಳಸುವಾಗ

ಮೊದಲು ಕೂತುಕೊಳ್ಳಿ. ನಿಂತು, ನಡೆಯುತ್ತ, ಮಾತಾಡುತ್ತ ಹಣ್ಣು ಹೆಚ್ಚುವವರೇ ಬೆರಳು ಕೊಯ್ದುಕೊಳ್ಳುವುದು. ಕೈ ಚಾಚಿದರೆ ಎಟುಕುವಷ್ಟು ದೂರದಲ್ಲಿ ಯಾರೂ ಇರಬಾರದು, ಮಕ್ಕಳಂತೂ ಖಂಡಿತ. ಊಟದ ಡಬ್ಬಿಯ ಮುಚ್ಚಳವನ್ನು ಬಂಡೆಯ ಮೇಲೆ ಇಟ್ಟು ಅದರ ಮೇಲೆ ಹೆಚ್ಚಿ. ಅಂಗೈ ಮೇಲೆ ಮಾವಿನಹಣ್ಣು ಇಟ್ಟು ಕೊಯ್ಯುವ ಅಭ್ಯಾಸ ನನಗೂ ಇದೆ. ಶ್ರೀನಿವಾಸಪುರದ ರಸಪೂರಿ ಅಂಗೈಯಲ್ಲಿ ಜಾರಿದ ದಿನ ಸ್ವಲ್ಪ ಕಡಿಮೆಯಾಯಿತು.

ಅಜ್ಜಿ ಒಂದು ಮಾತು ಹೇಳುತ್ತಿದ್ದರು. ಚಾಕು, ಕತ್ತರಿ ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತೆ. ಕೆಳಗಿಡು, ಅವರು ತೊಗೊಳ್ತಾರೆ. ಜಗಳದ ವಿಷಯ ನನಗೆ ಗೊತ್ತಿಲ್ಲ. ಆದರೆ ಏರುಪೇರಿನ ಬಂಡೆ ಮೇಲೆ ಚಾಕು ದಾಟಿಸುವುದಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನಾನು ನೋಡಿಲ್ಲ. ಕೆಲಸ ಮುಗಿದ ತಕ್ಷಣ ಒರೆಸಿ, ಒರೆಗೆ ಹಾಕಿ. ಹುಲ್ಲಿನ ಮೇಲೆ ಇಟ್ಟರೆ ಒಂದೋ ಮರೆತು ಬರುತ್ತೀರಿ, ಇಲ್ಲ ಅದರ ಮೇಲೆ ಕೂರುತ್ತೀರಿ.

ಕೋಟೆ ಗೋಡೆ, ಬಂಡೆ, ಮರದ ತೊಗಟೆಯ ಮೇಲೆ ಹೆಸರು ಕೆತ್ತುವವರು ಇದನ್ನು ಓದುತ್ತಿದ್ದರೆ ಚಾಕು ಮನೆಯಲ್ಲಿ ಬಿಟ್ಟು ಬನ್ನಿ.

ಹಾವು ಕಚ್ಚಿದರೆ ಚಾಕುವಿನಿಂದ ಗಾಯ ಸೀಳಿ ರಕ್ತ ಹೀರುವುದು ಅಂತ ಇನ್ನೂ ಹೇಳುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ, ಸೀಳಿದ ಗಾಯದಿಂದ ರಕ್ತ ನಿಲ್ಲುವುದೇ ಇಲ್ಲ. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದ ಹಾಗೆ ಮರದ ಪಟ್ಟಿಗೆ ಕಟ್ಟಿ, ಉಂಗುರ, ಬಳೆ ತೆಗೆದು, ನಡೆಸದೆ ಹೊತ್ತುಕೊಂಡು ಇಳಿಸಿ. 108ಕ್ಕೆ ಫೋನ್ ಮಾಡಿ.

ಕೈ ಕೊಯ್ದರೆ

ಕಾಫಿಪುಡಿ, ಅರಿಶಿನ, ಸುಣ್ಣ ಏನೂ ಬೇಡ. ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈ ಎತ್ತರಕ್ಕೆ ಇರಲಿ. ಗಡಿಯಾರ ನೋಡಿ ಹತ್ತು ನಿಮಿಷ. ಮಧ್ಯೆ "ನಿಂತಿದೆಯಾ" ಅಂತ ಬಟ್ಟೆ ತೆಗೆದು ನೋಡಿದರೆ ಮತ್ತೆ ಮೊದಲಿನಿಂದ ಶುರು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಹತ್ತು ನಿಮಿಷ ಒತ್ತಿದರೂ ರಕ್ತ ಬರುತ್ತಿದ್ದರೆ, ಬೆರಳು ಮಡಚಲು ಆಗದಿದ್ದರೆ, ಜೋಮು ಹಿಡಿದ ಹಾಗಿದ್ದರೆ ಕೆಳಗಿಳಿದು ಆಸ್ಪತ್ರೆಗೆ ಹೋಗಿ. ಮಣ್ಣು, ತುಕ್ಕು ಸೇರಿದ ಗಾಯವಾಗಿ, ಟಿಟಿ ಚುಚ್ಚುಮದ್ದು ಹಾಕಿಸಿ ಐದು ವರ್ಷ ದಾಟಿದ್ದರೆ ಅದನ್ನೂ ಕೇಳಿ ಹಾಕಿಸಿಕೊಳ್ಳಿ.

ಹರಿತ

ಮೊಂಡು ಚಾಕು ಹರಿತದ್ದಕ್ಕಿಂತ ಅಪಾಯ. ಜಾಸ್ತಿ ಒತ್ತಬೇಕಾಗುತ್ತದೆ, ಒತ್ತಿದ್ದು ಜಾರುತ್ತದೆ. ಪರೀಕ್ಷೆಗೆ ಕೋಲಾರದ ಟೊಮ್ಯಾಟೊ ಒಂದು ಸಾಕು. ಚಾಕುವನ್ನು ಸಿಪ್ಪೆಯ ಮೇಲೆ ಇಟ್ಟು ಒತ್ತದೆ ಎಳೆಯಿರಿ. ಸಿಪ್ಪೆ ಸೀಳಿದರೆ ಹರಿತ ಇದೆ. ಹಣ್ಣು ಅಪ್ಪಚ್ಚಿ ಆದರೆ ಸಾಣೆ ಕಲ್ಲು ತೆಗೆಯಿರಿ.

ಕಲ್ಲನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆ ಮೇಲೆ ಜಾರದಂತೆ ಇಡಿ. ಚಾಕುವಿನ ಬೆನ್ನನ್ನು ಕಲ್ಲಿನಿಂದ ಎರಡು ನಾಣ್ಯದಷ್ಟು ಮೇಲೆ ಎತ್ತಿ, ಅದೇ ಎತ್ತರ ಬಿಡದೆ ಎಳೆಯಿರಿ. ಒಂದು ಕಡೆ ಹತ್ತು, ಇನ್ನೊಂದು ಕಡೆ ಹತ್ತು. ಕಲ್ಲಿಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಒರಟು ಬಳೆಯ ಮೇಲೆ ಎಳೆದರೂ ತಾತ್ಕಾಲಿಕಕ್ಕೆ ಆಗುತ್ತದೆ. ಮಚ್ಚಿಗೆ ಅಷ್ಟು ಸಣ್ಣ ಬಾಯಿ ಬೇಡ, ಎಳನೀರಿನ ಮಟ್ಟೆಗೆ ಬಡಿದಾಗ ಬಾಯಿಯ ಚೂರು ಹಾರುತ್ತದೆ. ಬೆನ್ನು ಇನ್ನೂ ಸ್ವಲ್ಪ ಎತ್ತಿ ಅರದಲ್ಲಿ ಉಜ್ಜಿದರೆ ಸಾಕು. ವಿದ್ಯುತ್ ಚಕ್ರಕ್ಕೆ ಹಿಡಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಅಂಚು ನೀಲಿ ಆಯಿತೆಂದರೆ ಹದ ಹೋಯಿತು, ಕುಲುಮೆಗೇ ಒಯ್ಯಬೇಕು.

ಮನೆಗೆ ಬಂದ ಮೇಲೆ ತೊಳೆದು, ಒಣಗಿಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಮಾವು, ನಿಂಬೆ, ಹುಣಸೆ ಹುಳಿ ಕುಲುಮೆ ಕಬ್ಬಿಣವನ್ನು ಒಂದೇ ರಾತ್ರಿಗೆ ಕಪ್ಪು ಮಾಡುತ್ತದೆ. ನಮ್ಮನೆಗಳಲ್ಲಿ ಆಯುಧಪೂಜೆಗೆ ಮಾತ್ರ ಮಚ್ಚು ತೊಳೆಯುವ ಪದ್ಧತಿ, ಆಮೇಲೆ ವರ್ಷಪೂರ್ತಿ ಕುಂಕುಮದ ಸಮೇತ ತುಕ್ಕು. ಚರ್ಮದ ಒರೆಯಾದರೆ ಚಾಕುವನ್ನು ಅದರೊಳಗೇ ಬಿಡಬೇಡಿ, ಚರ್ಮ ತೇವ ಎಳೆಯುತ್ತದೆ.

ಕೊನೆಯದಾಗಿ, ಭಾನುವಾರ ಸಂಜೆ ಎಳನೀರು ಇಳಿಸುವಾಗ ಮಚ್ಚನ್ನೂ ಇಳಿಸಿ. ಭಾವ ಈಗ ಎರಡನ್ನೂ ಒಂದೇ ಗೋಣಿಚೀಲದಲ್ಲಿ ಇಡುತ್ತಾನೆ. ಚೀಲ ಇಳಿದರೆ ಎರಡೂ ಇಳಿಯುತ್ತವೆ. ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಬೇಕು, ಆಗ ಡಿಕ್ಕಿಯಲ್ಲಿ ತೋರಿಸೋಕೆ ಎಳನೀರು ಇರುವುದಿಲ್ಲ.